ಮೀಟರ್ ನೋಡಿ ಕಾರು ಕೊಳ್ಳುವವರು

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಬಾಗಿಲು ತೆಗೆದು ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಓಡಿದೆ?’ ಮೂವತ್ತು ಸಾವಿರ ಎಂದರೆ ಮುಖ ಅರಳುತ್ತದೆ. ಒಂದು ಲಕ್ಷ ಎಂದರೆ ಬಾನೆಟ್ ಎತ್ತುವ ಗೋಜಿಗೂ ಹೋಗದೆ ‘ಬೇರೆ ಯಾವುದಾದರೂ ಇದೆಯಾ?’ ಅನ್ನುತ್ತಾರೆ. ದಲ್ಲಾಳಿಗಳಿಗೆ ಇದು ಚೆನ್ನಾಗಿ ಗೊತ್ತು. ‘ಡಾಕ್ಟರ್ ಗಾಡಿ ಸಾರ್. ಸಿಂಗಲ್ ಓನರ್. ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ, ಅಷ್ಟೇ ಓಡಿರೋದು’ ಎಂಬ ಮಾತು ಎಷ್ಟು ಸವೆದಿದೆಯೆಂದರೆ, ಬೆಂಗಳೂರಿನಲ್ಲಿ ಹೀಗೆ ಮಾರಾಟವಾದ ಡಾಕ್ಟರ್ ಗಾಡಿಗಳನ್ನೆಲ್ಲ ಕೂಡಿದರೆ ಒಬ್ಬೊಬ್ಬ ವೈದ್ಯರ ಹೆಸರಿನಲ್ಲೂ ಒಂದೊಂದು ಡಿಪೋ ಇರಬೇಕಾಗುತ್ತದೆ.

ಎಂಟು-ಹತ್ತು ವರ್ಷ ಹಳೆಯ ಸೆಡಾನ್ ಕೊಳ್ಳುವವರಿಗೆ ಈ ಮೀಟರಿನ ಅಂಕಿ ಹೇಳುವುದು ತೀರಾ ಕಡಿಮೆ ಎಂಬುದು ನನ್ನ ತಕರಾರು. ಎಷ್ಟೋ ಸಲ ಅದು ಅಡ್ಡದಾರಿಯನ್ನೇ ತೋರಿಸುತ್ತದೆ. ಹತ್ತು ವರ್ಷ ಮನೆಗೂ ಆಸ್ಪತ್ರೆಗೂ ನಡುವೆ ಮಾತ್ರ ಓಡಾಡಿದ ಕಾರು ಎನ್ನುವುದನ್ನು ಹೊಗಳಿಕೆಯೆಂದು ಕೇಳಿಸಿಕೊಳ್ಳುತ್ತೇವಲ್ಲ, ನನ್ನ ಕಿವಿಗೆ ಅದು ಆ ಗಾಡಿಯ ಮೇಲಿನ ದೂರು.

ಲೆಕ್ಕದಿಂದಲೇ ಶುರು ಮಾಡೋಣ. ನಗರಗಳ ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಅಂಕಿಯ ಪ್ರಕಾರ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ದಾಟಲು ಸರಾಸರಿ 34 ನಿಮಿಷ ಬೇಕು. ಅಂದರೆ ಗಂಟೆಗೆ ಹೆಚ್ಚೂಕಮ್ಮಿ 18 ಕಿ.ಮೀ. ಈ ವೇಗದಲ್ಲಿ 30,000 ಕಿ.ಮೀ. ಓಡಬೇಕಾದರೆ ಇಂಜಿನ್ 1,666 ಗಂಟೆ ಉರಿಯಬೇಕು. ಇನ್ನೊಂದು ಕಾರು ತುಮಕೂರು, ಚಿತ್ರದುರ್ಗ ದಾಟಿ ಹುಬ್ಬಳ್ಳಿಗೆ ವಾರವಾರ ಹೋಗಿಬರುತ್ತದೆ, ಸರಾಸರಿ ಗಂಟೆಗೆ 60 ಕಿ.ಮೀ. ಎಂದಿಟ್ಟುಕೊಳ್ಳಿ. ಅದು ಒಂದು ಲಕ್ಷ ಕಿ.ಮೀ. ಓಡಲು ಬೇಕಾದದ್ದೂ ಅದೇ 1,666 ಗಂಟೆ. ಮೀಟರಿನಲ್ಲಿ ಒಂದಕ್ಕೆ ಮೂರರಷ್ಟು ಅಂತರ, ಇಂಜಿನ್ ದುಡಿದ ಹೊತ್ತಿನಲ್ಲಿ ಅಂತರವೇ ಇಲ್ಲ. ಮಾರುಕಟ್ಟೆ ಮಾತ್ರ ಮೊದಲನೆಯದಕ್ಕೆ ಕಡಿಮೆಯೆಂದರೂ ಒಂದು ಲಕ್ಷ ರೂಪಾಯಿ ಜಾಸ್ತಿ ಕಟ್ಟುತ್ತದೆ.

ಅದೂ ಸಮನಾದ ಗಂಟೆಗಳಲ್ಲ. ಹೆದ್ದಾರಿಯಲ್ಲಿ ಐದನೇ ಗೇರಿಗೆ ಬಿದ್ದ ಗಾಡಿಯ ಕ್ಲಚ್ ಮೇಲೆ ಮುಕ್ಕಾಲು ಗಂಟೆ ಕಾಲಿಡಬೇಕಾಗಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅಷ್ಟೇ ಹೊತ್ತಿನಲ್ಲಿ ಎಷ್ಟು ಸಲ ಒತ್ತುತ್ತೀರೆಂದು ಎಣಿಸಿ ನೋಡಿ. ನಿಂತ ಗಾಡಿಯಲ್ಲಿ ರೇಡಿಯೇಟರಿಗೆ ಗಾಳಿ ಇಲ್ಲ, ಫ್ಯಾನ್ ಒಂದೇ ಗತಿ. ಎಸಿ ಕಂಪ್ರೆಸರ್ ಬಿಡುವಿಲ್ಲದೆ ಕಚ್ಚಿಕೊಂಡಿರುತ್ತದೆ. ಇನ್ನು ಮನೆಯಿಂದ ಎರಡು-ಮೂರು ಕಿಲೋಮೀಟರ್ ಮಾತ್ರ ಹೋಗಿ ನಿಲ್ಲುವ ಗಾಡಿಯ ಪಾಡಂತೂ ಇನ್ನೂ ಕಷ್ಟ. ಇಂಜಿನ್ ಆಯಿಲ್ ಸರಿಯಾಗಿ ಕಾಯುವ ಮೊದಲೇ ಆಫ್ ಆಗುತ್ತದೆ. ತಣ್ಣಗಿರುವ ಇಂಜಿನ್‌ನಲ್ಲಿ ಪೂರ್ತಿ ಉರಿಯದ ಇಂಧನ ಆಯಿಲ್‌ಗೆ ಸೇರುತ್ತದೆ, ಒಳಗಿನ ತೇವ ಆವಿಯಾಗಿ ಹೋಗುವುದಿಲ್ಲ. ಇವೆರಡೂ ವರ್ಷಗಟ್ಟಲೆ ಕೂಡಿಕೊಂಡರೆ ಆಯಿಲ್ ಕಪ್ಪು ಗಸಿಯಾಗುತ್ತದೆ. ಸೈಲೆನ್ಸರ್ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಬ್ಯಾಟರಿ ತುಂಬ ಚಾರ್ಜ್ ಆಗುವುದೇ ಇಲ್ಲ. ಡೀಸೆಲ್ ಗಾಡಿಯಾದರೆ, ಹೊಗೆಯ ಒಂದು ಪಾಲನ್ನು ಇಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವಿಗೂ ಗಾಳಿ ಒಳಹೋಗುವ ಇನ್‌ಟೇಕ್ ದಾರಿಗೂ ಮಸಿ ಮೆತ್ತಿಕೊಳ್ಳುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದು ತನ್ನಷ್ಟಕ್ಕೆ ಮಸಿ ಸುಟ್ಟುಕೊಂಡು ಶುಚಿಯಾಗಬೇಕಾದರೆ ಗಾಡಿ ಒಂದಿಷ್ಟು ಹೊತ್ತು ಬಿಸಿಯಾಗಿ ಓಡಬೇಕು. ಕಡಿಮೆ ಓಡಿದ ಡೀಸೆಲ್ ಕಾರು ಹುಡುಕುವವರು ಕಟ್ಟಿಕೊಂಡ ಡಿಪಿಎಫ್ ಅನ್ನೇ ದುಡ್ಡು ಕೊಟ್ಟು ಹುಡುಕುತ್ತಿರುತ್ತಾರೆ. ಹೊಸದಕ್ಕೆ ಲಕ್ಷದ ಮೇಲಿನ ಮಾತು.

ಕಾರು ತಯಾರಿಸಿದವರೇ ಇದನ್ನು ಬರೆದುಕೊಟ್ಟಿದ್ದಾರೆ, ನಾವು ಓದುವುದಿಲ್ಲ ಅಷ್ಟೇ. ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಮಲಗಿರುವ ಪುಸ್ತಕದ ಸರ್ವಿಸ್ ಪಟ್ಟಿ ತೆಗೆದು ನೋಡಿ: 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಗಾಡಿ ಶೆಡ್ಡಿನಲ್ಲೇ ಇದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಕೂಲಂಟಿಗೂ ವರ್ಷದ ಲೆಕ್ಕವಿದೆ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್‌ಗಳಲ್ಲಿ ಬೆಲ್ಟಿಗೂ ಇದೆ. ಮಹೀಂದ್ರ ಲೋಗನ್, ವೆರಿಟೊ, ನಿಸ್ಸಾನ್ ಸನ್ನಿ ಡೀಸೆಲ್‌ಗಳಲ್ಲಿದ್ದ ರೆನೊದ 1.5 ಲೀಟರ್ ಇಂಜಿನ್ ಅಂಥದ್ದು. ಹತ್ತು ವರ್ಷದಲ್ಲಿ ನಲವತ್ತು ಸಾವಿರ ಓಡಿದ ಅಂಥ ಕಾರಿನ ಮಾಲೀಕ ‘ಇನ್ನೂ ಕಿಲೋಮೀಟರ್ ಆಗಿಲ್ಲ’ ಅಂತ ಬೆಲ್ಟ್ ಬದಲಿಸಿರುವುದೇ ಇಲ್ಲ. ರಬ್ಬರಿಗೆ ಕಿಲೋಮೀಟರ್ ಗೊತ್ತಿಲ್ಲ. ಒಂದು ದಿನ ಅದು ಹರಿದರೆ ಪಿಸ್ಟನ್ ಮೇಲೆ ಬಂದು ವಾಲ್ವುಗಳಿಗೆ ಬಡಿಯುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ. ಬೆಲ್ಟು, ಟೆನ್ಷನರ್, ವಾಟರ್ ಪಂಪ್ ಎಲ್ಲ ಸೇರಿ ಹತ್ತು-ಹದಿನೈದು ಸಾವಿರದಲ್ಲಿ ಮುಗಿಯಬೇಕಾದ ಕೆಲಸ ಅದರ ನಾಲ್ಕೈದು ಪಟ್ಟು ಕೇಳುತ್ತದೆ.

ಕಣ್ಣಾರೆ ಕಂಡ ಒಂದು ಗಾಡಿಯ ವಿಷಯ ಹೇಳುತ್ತೇನೆ. ನಮ್ಮ ಬಂಧುಗಳೊಬ್ಬರು, ಸರ್ಕಾರಿ ಕೆಲಸದಿಂದ ನಿವೃತ್ತರು, ಒಂಬತ್ತು ವರ್ಷದ ಒಂದು ಪೆಟ್ರೋಲ್ ಸೆಡಾನ್ ಕೊಂಡರು. ಮೀಟರಿನಲ್ಲಿ 31,000. ಅಂಕಿ ನಿಜವಾದದ್ದೇ, ಅದರಲ್ಲಿ ಮೋಸವಿರಲಿಲ್ಲ. ಪೇಂಟ್ ಫಳಫಳ, ಸೀಟಿನ ಮೇಲೆ ಇನ್ನೂ ಹೊಸ ಬಟ್ಟೆಯ ವಾಸನೆ. ಅದೇ ವಾರ ಅದೇ ಮಾದರಿಯ, ಅದೇ ವರ್ಷದ ಇನ್ನೊಂದನ್ನೂ ನೋಡಿದ್ದರು. 1,08,000 ಓಡಿದ್ದು, ಹುಬ್ಬಳ್ಳಿಗೆ ಓಡಾಡುವ ಸೇಲ್ಸ್ ಮ್ಯಾನೇಜರ್ ಒಬ್ಬರದು, ಒಂದು ಲಕ್ಷ ಕಡಿಮೆ. ಅದರ ಜೊತೆ ದಪ್ಪನೆಯ ಒಂದು ಫೈಲೂ ಇತ್ತು. ಫೈಲಿನ ದಪ್ಪ ನೋಡಿಯೇ ಇವರು ಹಿಂದೆ ಸರಿದರು: ‘ಇಷ್ಟೊಂದು ರಿಪೇರಿ ಬಂದಿರೋ ಗಾಡಿ ನಮಗ್ಯಾಕೆ?’

ಮೊದಲ ಸರ್ವಿಸಿಗೆಂದು ಲಿಫ್ಟ್ ಮೇಲೆ ಏರಿಸಿದಾಗ ನಾನೂ ಜೊತೆಗಿದ್ದೆ. ಮೆಕ್ಯಾನಿಕ್ ಹುಡುಗ ಮುಂದಿನ ಚಕ್ರದ ಹಿಂದೆ ಟಾರ್ಚ್ ಬಿಟ್ಟ. ಲೋಯರ್ ಆರ್ಮ್ ಬುಷ್ಷಿನ ರಬ್ಬರ್ ಬೇಸಿಗೆಯ ಕೆರೆಯಂಗಳದ ಹಾಗೆ ಸುತ್ತಲೂ ಸೀಳಿತ್ತು. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಪುಡಿಯೇ ಉದುರಿತು. ಟೈರಿನ ಗ್ರಿಪ್ ಮುಕ್ಕಾಲು ಪಾಲು ಉಳಿದಿತ್ತು, ಆದರೆ ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು. ಅಲ್ಲಿ ಅಚ್ಚಾಗಿದ್ದ, ತಯಾರಿಕೆಯ ವಾರ-ವರ್ಷ ಹೇಳುವ ನಾಲ್ಕಂಕಿ ನೋಡಿದರೆ ಗಾಡಿಯಷ್ಟೇ ವಯಸ್ಸು. ಕೂಲಂಟ್ ಡಬ್ಬಿಯಲ್ಲಿ ಹಸಿರೋ ಕೆಂಪೋ ಇರಬೇಕಾದ ಜಾಗದಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ನೀರು. ಯಾರೋ ಬೋರ್‌ವೆಲ್ ನೀರು ತುಂಬಿಸಿಕೊಂಡು ಬಂದಿದ್ದರು. ‘ಏನಪ್ಪಾ, ಮೂವತ್ತು ಸಾವಿರಕ್ಕೇ ಹೀಗಾ?’ ಅಂದರು ಬಂಧುಗಳು. ‘ಓಡಿಸಿದ್ರೆ ಹಿಂಗಾಗ್ತಿರ್ಲಿಲ್ಲ ಸಾರ್, ನಿಲ್ಸಿ ನಿಲ್ಸಿ ಆಗಿರೋದು’ ಅಂದ ಅವನು, ಟಾರ್ಚ್ ಇನ್ನೊಂದು ಕಡೆ ತಿರುಗಿಸುತ್ತಾ.

ಮೂರು ತಿಂಗಳಲ್ಲಿ ಬಿದ್ದ ಬಿಲ್ಲು ಹೀಗಿತ್ತು. ನಾಲ್ಕು ಟೈರ್ 22,000. ಲೋಯರ್ ಆರ್ಮ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್ 14,000. ಎಸಿ ಕೂಲಿಂಗ್ ಕಾಯಿಲ್ ಸೋರುತ್ತಿತ್ತು. ಕಾಯಿಲಿಗಿಂತ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಕೂರಿಸುವ ಕೂಲಿಯೇ ಭಾರ, 11,000. ವಾಟರ್ ಪಂಪ್, ಹೋಸ್, ಕೂಲಂಟ್ 7,000. ಹಿಂದಿನ ಬ್ರೇಕಿನ ತುಕ್ಕು ಹಿಡಿದ ಸಿಲಿಂಡರ್ ಮತ್ತು ಬ್ರೇಕ್ ಆಯಿಲ್ 6,500. ಇಂಜಿನ್ ಮೌಂಟಿಂಗ್ 6,000. ಬ್ಯಾಟರಿ 5,500. ಒಟ್ಟು 72,000. ಹುಬ್ಬಳ್ಳಿ ಗಾಡಿಯ ಫೈಲಿನಲ್ಲಿ ಇಂಥವೇ ಸಾಮಾನುಗಳ ಬಿಲ್ಲುಗಳು ಒಂದೊಂದಾಗಿ ಇದ್ದವು: ಎಪ್ಪತ್ತು ಸಾವಿರ ಕಿಲೋಮೀಟರಿಗೆ ಸಸ್ಪೆನ್ಷನ್, ತೊಂಬತ್ತಕ್ಕೆ ಕ್ಲಚ್, ಹಿಂದಿನ ವರ್ಷ ಟೈರ್. ಅಂದರೆ ಆ ದುಡ್ಡನ್ನು ಹಳೆಯ ಮಾಲೀಕರೇ ಖರ್ಚು ಮಾಡಿ ಮುಗಿಸಿದ್ದರು. ಬೇರೆಯವರ ಖರ್ಚಿನಲ್ಲಿ ರಿಪೇರಿಯಾದ ಗಾಡಿಯನ್ನು ಬಿಟ್ಟು, ನಮ್ಮ ಖರ್ಚಿಗೆ ಕಾದು ಕೂತ ಗಾಡಿಗೆ ಒಂದು ಲಕ್ಷ ಹೆಚ್ಚು ಕೊಡುವ ಈ ಜಾಣತನ ಊರಿನಲ್ಲೆಲ್ಲ ನಡೆಯುತ್ತದೆ.

ಹಾಗಾದರೆ ಕಿಲೋಮೀಟರಿಗೆ ಬೆಲೆಯೇ ಇಲ್ಲವೇ? ಇದೆ. ವೀಲ್ ಬೇರಿಂಗ್, ಡ್ರೈವ್ ಶಾಫ್ಟ್ ಜಾಯಿಂಟ್, ಟರ್ಬೊ, ಡೀಸೆಲ್ ಇಂಜೆಕ್ಟರ್ ಇವೆಲ್ಲ ಓಡಿದಷ್ಟೂ ಸವೆಯುವಂಥವು. ಒಂದೂವರೆ ಲಕ್ಷ ದಾಟಿದ ಡೀಸೆಲ್ ಕಾರಿನಲ್ಲಿ ಬೆಳಗಿನ ಸ್ಟಾರ್ಟಿಂಗಿಗೆ ಹೊಗೆ ಬಂದರೆ, ಪಿಕಪ್ ಎಳೆಯದಿದ್ದರೆ ಇಂಜೆಕ್ಟರ್ ಕಡೆ ಬೊಟ್ಟು ಮಾಡಬೇಕು. ನಾಲ್ಕನ್ನೂ ಹೊಸದಾಗಿ ಹಾಕಿಸಿದರೆ ನಲವತ್ತು ಸಾವಿರದ ಮೇಲೆ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಗಾಡಿಯನ್ನು ಕಣ್ಮುಚ್ಚಿ ತೆಗೆದುಕೊಳ್ಳಿ ಎಂದೂ ನಾನು ಹೇಳುವುದಿಲ್ಲ. ಆದರೆ ಬಿಡದಿಯಲ್ಲೇ ತಯಾರಾಗುತ್ತಿದ್ದ ಟೊಯೊಟಾ ಎಟಿಯೋಸ್‌ನ ಕಥೆ ನೋಡಿ. 2010ರ ಕೊನೆಗೆ ಬಂದು 2020ರಲ್ಲಿ ನಿಂತುಹೋದ ಈ ಸೆಡಾನನ್ನು ‘ಟ್ಯಾಕ್ಸಿ ಗಾಡಿ’ ಅಂತ ಮೂಗು ಮುರಿದವರೇ ಹೆಚ್ಚು. ದೇವನಹಳ್ಳಿ ವಿಮಾನ ನಿಲ್ದಾಣದ ದಾರಿಯಲ್ಲಿ ಮೂರು ಲಕ್ಷ ದಾಟಿದ ಎಟಿಯೋಸ್ ಡೀಸೆಲ್‌ಗಳನ್ನು ಓಡಿಸುವ ಚಾಲಕರನ್ನು ಮಾತಾಡಿಸಿದರೆ, ಇಂಜಿನ್ ಬಿಚ್ಚಿದ ಮಾತು ಬರುವುದು ಅಪರೂಪ. ಹೇಳುವುದೆಲ್ಲ ಶಾಕ್, ಬುಷ್, ಕ್ಲಚ್, ಎಸಿಯ ವಿಷಯ. ದಿನವೂ ಬಿಸಿಯಾಗುವ, ಆಯಿಲ್ ತಪ್ಪದೆ ಬದಲಾಗುವ ಗಾಡಿ ಅದು. ಮಾಲೀಕನಿಗೆ ಗಾಡಿ ನಿಂತರೆ ಅವತ್ತಿನ ಕೂಳು ನಿಂತ ಹಾಗೆ, ಆದ್ದರಿಂದ ಸಣ್ಣ ಶಬ್ದ ಬಂದರೂ ಗ್ಯಾರೇಜಿಗೆ ಓಡುತ್ತಾನೆ.

ಇಲ್ಲಿಗೆ ಎರಡನೆಯ ನಂಬಿಕೆಯನ್ನೂ ಮುಟ್ಟಬೇಕು: ‘ಇಂಜಿನ್ ಚೆನ್ನಾಗಿದ್ದರೆ ಸಾಕು.’ ಮಾರುವವನು ಎದೆಯುಬ್ಬಿಸಿ ‘ಇಂಜಿನ್‌ಗೆ ಕೈ ಹಾಕಿಲ್ಲ ಸಾರ್’ ಅನ್ನುತ್ತಾನೆ. ಕೈ ಹಾಕುವ ಸಂದರ್ಭ ಈ ಕಾಲದ ಕಾರುಗಳಲ್ಲಿ ಹೇಗೂ ಕಡಿಮೆ. ಇಂಜಿನ್ ಒಂದೇ ಖರ್ಚನ್ನು ನಿರ್ಧರಿಸುವುದಿಲ್ಲ ಎಂಬುದಕ್ಕೆ ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್ ಡೀಸೆಲ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಮಾರುತಿ ಸ್ವಿಫ್ಟ್ ಡಿಸೈರ್, ಎಸ್‌ಎಕ್ಸ್4, ಸಿಯಾಜ್, ಟಾಟಾ ಮಾಂಝಾ, ಷೆವ್ರೊಲೆ ಸೇಲ್, ಫಿಯೆಟ್‌ನದೇ ಲಿನಿಯಾ, ಇವೆಲ್ಲದರ ಬಾನೆಟ್ಟಿನ ಕೆಳಗೆ ಇದ್ದದ್ದು ಈ ಒಂದೇ ಇಂಜಿನ್. ದೇಶದ ಡೀಸೆಲ್ ಇಂಜಿನ್ ಅಂತಲೇ ಅದನ್ನು ತಮಾಷೆಗೆ ಕರೆಯುತ್ತಿದ್ದರು. ಈಗ ಹಳೆಯ ಡಿಸೈರ್ ಒಂದನ್ನೂ ಹಳೆಯ ಲಿನಿಯಾ ಒಂದನ್ನೂ ಇಟ್ಟುಕೊಂಡವರನ್ನು ವಿಚಾರಿಸಿ. ಡಿಸೈರ್‌ನ ಲೋಯರ್ ಆರ್ಮ್ ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಅಂಗಡಿಗೆ ಹೋದರೂ ಮೂರು ಕಂಪನಿಯದು ಮೂರು ರೇಟಿನಲ್ಲಿ ಸಿಗುತ್ತದೆ. ಕೋಲಾರದಲ್ಲೂ ಸಿಗುತ್ತದೆ, ಕೊಪ್ಪಳದಲ್ಲೂ ಸಿಗುತ್ತದೆ. ಲಿನಿಯಾದ ಸ್ಟೀರಿಂಗ್ ರ್‍ಯಾಕಿಗೋ ಹೆಡ್‌ಲೈಟಿಗೋ ಎಷ್ಟೋ ಫೋನು ಮಾಡಬೇಕು, ಕೊನೆಗೆ ಶಿವಾಜಿನಗರದ ಗುಜರಿಯಲ್ಲಿ ಒಡೆದ ಗಾಡಿಯೊಂದರಿಂದ ಬಿಚ್ಚಿ ತರಬೇಕು. ಲಿನಿಯಾ ಓಡಿಸಲು ಸೊಗಸಾದ ಕಾರು, ಅದರ ಗಟ್ಟಿತನದ ಬಗ್ಗೆ ನನಗೆ ಗೌರವವಿದೆ. ಆದರೆ ಷೆವ್ರೊಲೆ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ಮುಗಿಸುವುದಾಗಿ ಹೇಳಿತು, ಫಿಯೆಟ್‌ನ ಹೆಸರು ರಸ್ತೆಯಿಂದಲೇ ಮಾಯವಾಯಿತು. ಒಂದೇ ಇಂಜಿನ್ ಇಟ್ಟುಕೊಂಡೂ ರಿಪೇರಿ ಖರ್ಚಿನಲ್ಲಿ ಇಷ್ಟು ವ್ಯತ್ಯಾಸ ಬರುವುದಾದರೆ, ಕೊಳ್ಳುವವರು ಇಂಜಿನ್ ಶಬ್ದ ಕೇಳುತ್ತಾ ಕಣ್ಣು ಮುಚ್ಚಿ ತಲೆದೂಗುವುದರಲ್ಲಿ ಏನರ್ಥ?

ಹೊರಗಿನ ಗ್ಯಾರೇಜಿನ ಅಂದಾಜು ಹೇಳುವುದಾದರೆ, ಸಾಮಾನ್ಯ ಪೆಟ್ರೋಲ್ ಸೆಡಾನಿನ ಕ್ಲಚ್ ಸೆಟ್ ಕೂಲಿ ಸೇರಿ ಎಂಟರಿಂದ ಹದಿನಾಲ್ಕು ಸಾವಿರ. ಎಸಿ ಕಂಪ್ರೆಸರ್ ಹೊಸದು ಹದಿನೈದರಿಂದ ಮೂವತ್ತು. ನಾಲ್ಕೂ ಶಾಕ್ ಬದಲಿಸಿದರೆ ಹನ್ನೆರಡರಿಂದ ಇಪ್ಪತ್ತು. ಸ್ಟೀರಿಂಗ್ ರ್‍ಯಾಕ್ ಅದೇ ಆಸುಪಾಸು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ವೈರಿಂಗನ್ನು ಇಲಿ ಕಡಿದಿದ್ದರೆ ಬಿಲ್ಲಿಗೆ ಮಿತಿಯೇ ಇಲ್ಲ. ಕಡಿದದ್ದು ಎಲ್ಲಿ ಎಂದು ಹುಡುಕುವುದಕ್ಕೇ ಎಲೆಕ್ಟ್ರಿಷಿಯನ್ ಎರಡು ದಿನದ ಕೂಲಿ ತೆಗೆದುಕೊಳ್ಳುತ್ತಾನೆ. ಇದರಲ್ಲಿ ಇಂಜಿನ್ನಿನ ಹೊಟ್ಟೆಯೊಳಗಿನ ಕೆಲಸ ಒಂದೂ ಇಲ್ಲ ಎಂಬುದನ್ನು ಗಮನಿಸಿ.

‘ಜರ್ಮನ್ ಗಾಡಿ ಬೇಡ, ಮನೆ ಮಾರಬೇಕಾಗುತ್ತೆ’ ಎಂಬುದು ಮೂರನೆಯದು. ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧ ಎಲ್ಲಿದೆ ಎಂದು ಹೇಳುವವರು ಕಡಿಮೆ. ಫೋಕ್ಸ್‌ವ್ಯಾಗನ್ ವೆಂಟೊ, ಸ್ಕೋಡಾ ರ್‍ಯಾಪಿಡ್, ಆಕ್ಟೇವಿಯಾಗಳ ಕೆಲವು ಆಟೋಮ್ಯಾಟಿಕ್ ಮಾದರಿಗಳಲ್ಲಿ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್ ಇದೆ. ಎರಡು ಒಣ ಕ್ಲಚ್‌ಗಳನ್ನು ಕಂಪ್ಯೂಟರ್ ಒಂದು ನಡೆಸುತ್ತದೆ. ಆ ಭಾಗಕ್ಕೆ ಮೆಕಟ್ರಾನಿಕ್ ಅನ್ನುತ್ತಾರೆ. ಟ್ರಾಫಿಕ್ಕಿನಲ್ಲಿ ಗಾಡಿ ತೆವಳಿದಷ್ಟೂ ಆ ಕ್ಲಚ್‌ಗಳು ಅರೆಬರೆ ಕಚ್ಚಿಕೊಂಡು ಕಾಯುತ್ತವೆ. ಈ ಗೇರ್‌ಬಾಕ್ಸಿನ ಕೃತಕ ಆಯಿಲ್‌ನಿಂದ ತೊಂದರೆಯಾಗುತ್ತದೆಂದು ಕಂಪನಿಯೇ 2013ರಲ್ಲಿ ಜಗತ್ತಿನಾದ್ಯಂತ 16 ಲಕ್ಷದಷ್ಟು ಗಾಡಿಗಳನ್ನು ವಾಪಸು ಕರೆದು ಬೇರೆ ಆಯಿಲ್ ತುಂಬಿಸಿತು. ಮೆಕಟ್ರಾನಿಕ್ ಹೋದರೆ ಒಂದೂವರೆ ಲಕ್ಷದಿಂದ ಮೇಲೆ. ಈ ಗಾಡಿಯಲ್ಲೂ ‘ಊರೊಳಗೆ ಮಾತ್ರ ಓಡಿದ್ದು’ ಎಂಬ ಶಿಫಾರಸು ಎಷ್ಟು ಅಪಾಯಕಾರಿ ಎಂದು ಈಗ ಹೊಳೆಯಬೇಕು. ಅದೇ ವೆಂಟೊ ಮ್ಯಾನ್ಯುಯಲ್ ಪೆಟ್ರೋಲ್ ಆದರೆ ಆ ಹೆದರಿಕೆ ಇಲ್ಲವೇ ಇಲ್ಲ. ಬಿಡಿಭಾಗ ಒಂದಿಷ್ಟು ತುಟ್ಟಿ, ಅಷ್ಟೇ. ಜನ ಮಾತ್ರ ಎರಡಕ್ಕೂ ಒಂದೇ ಹಣೆಪಟ್ಟಿ ಹಚ್ಚಿ, ಮ್ಯಾನ್ಯುಯಲ್ ಗಾಡಿಯನ್ನು ಅಗ್ಗದಲ್ಲಿ ಬಿಟ್ಟು ಎದ್ದು ಹೋಗುತ್ತಾರೆ. ಡೀಸೆಲ್ ಮ್ಯಾನ್ಯುಯಲ್‌ಗಳಲ್ಲಿ ಕ್ಲಚ್ ಜೊತೆ ಡ್ಯುಯಲ್ ಮಾಸ್ ಫ್ಲೈವೀಲ್ ಬರುತ್ತದೆ, ಅದನ್ನೂ ಬದಲಿಸಬೇಕಾದರೆ ಐವತ್ತು ಸಾವಿರದ ಹತ್ತಿರ ಹೋಗುತ್ತದೆ. ಕೇಳಬೇಕಾದದ್ದು ಗಾಡಿ ಯಾವ ದೇಶದ್ದು ಎಂದಲ್ಲ, ಯಾವ ಗೇರ್‌ಬಾಕ್ಸು, ಕ್ಲಚ್ ಬದಲಿಸಿದ ಬಿಲ್ಲು ಎಲ್ಲಿ ಎಂದು.

‘ಜಪಾನ್ ಗಾಡಿಗೆ ಏನೂ ಆಗುವುದಿಲ್ಲ’ ಎನ್ನುವವರು ಟಕಾಟಾ ಏರ್‌ಬ್ಯಾಗ್ ಪ್ರಕರಣವನ್ನು ಮರೆತಿದ್ದಾರೆ. ನಿಂತಲ್ಲೇ ಕೆಡುವ ವಸ್ತುವಿಗೆ ಇದಕ್ಕಿಂತ ಘೋರ ಉದಾಹರಣೆ ನನಗೆ ಗೊತ್ತಿಲ್ಲ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್ ಉಬ್ಬಿಸುವ ಡಬ್ಬಿಯಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತಿತ್ತು. ವರ್ಷಗಟ್ಟಲೆ ಬಿಸಿ, ತೇವ ತಿಂದು ಅದು ಹದಗೆಡುತ್ತದೆ. ಸಣ್ಣ ಅಪಘಾತವಾದರೂ ಡಬ್ಬಿಯೇ ಸಿಡಿದು ಲೋಹದ ಚೂರುಗಳು ಮುಖಕ್ಕೆ ಬಡಿಯುತ್ತವೆ. ಮಲೇಷ್ಯಾದಲ್ಲಿ ಹೋಂಡಾ ಸಿಟಿಯಲ್ಲಿದ್ದವರು ಇದರಿಂದ ಸತ್ತಿದ್ದಾರೆ. ಇಲ್ಲೂ ಹೋಂಡಾ ಕಂಪನಿ ಸಿಟಿ, ಸಿವಿಕ್, ಅಕಾರ್ಡ್ ಮಾಲೀಕರನ್ನು ಹಲವು ಕಂತಿನಲ್ಲಿ ಕರೆದು ಉಚಿತವಾಗಿ ಬದಲಿಸಿಕೊಟ್ಟಿದೆ. ಆದರೆ ಪತ್ರ ಹೋಗುವುದು ಮೊದಲ ಮಾಲೀಕರ ವಿಳಾಸಕ್ಕೆ. ಮೂರನೇ ಕೈಗೆ ಬಂದ ಗಾಡಿಯವರಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಬೆವರಿಳಿಸುವ ಹವೆಯಲ್ಲಿ ಹದಿನೈದು ವರ್ಷ ಕಳೆದ, ‘ಬರೀ ಐವತ್ತು ಸಾವಿರ’ ಓಡಿದ ಸಿಟಿಯನ್ನು ಕೊಳ್ಳುವವರು ಮೊದಲು ಮಾಡಬೇಕಾದ್ದು ಷಾಸಿ ನಂಬರ್ ಬರೆದುಕೊಂಡು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸುವುದು. ಒಂದು ಪೈಸೆ ಖರ್ಚಿಲ್ಲ.

ಕಡಿಮೆ ಮೀಟರಿನ ಈ ವ್ಯಾಮೋಹವೇ ಮೀಟರ್ ತಿರುಗಿಸುವ ಕಸುಬನ್ನು ಸಾಕುತ್ತಿದೆ. ಹಿಂದೆ ಕೇಬಲ್ ಬಿಚ್ಚಿ ಡ್ರಿಲ್ ಕೊಟ್ಟು ತಿರುಗಿಸುತ್ತಿದ್ದರು, ಡಿಜಿಟಲ್ ಬಂದ ಮೇಲೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಹುಡುಕಿದರೆ ಗಾಡಿಯೇ ನಿಜ ಹೇಳುತ್ತದೆ. ಟೈರಿನ ಮೇಲೆ 2216 ಎಂದಿದ್ದರೆ ಅದು 2016ರ 22ನೇ ವಾರದಲ್ಲಿ ತಯಾರಾದದ್ದು. 2015ರ ಗಾಡಿ, 28,000 ಓಡಿದೆ, ಆದರೆ ಟೈರ್ ಮಾತ್ರ 2019ರದ್ದು ಮತ್ತು ಅದೂ ಸವೆದಿದೆ ಎಂದಾದರೆ ಮೊದಲ ಜೊತೆ ಎಲ್ಲಿ ಹೋಯಿತು? ಬ್ರೇಕ್ ಪೆಡಲಿನ ರಬ್ಬರು ನುಣ್ಣಗಾಗಿದೆಯೇ, ಸ್ಟೀರಿಂಗಿನಲ್ಲಿ ಗಡಿಯಾರದ ಹತ್ತು ಮತ್ತು ಎರಡು ಗಂಟೆಯ ಜಾಗದ ತೊಗಲು ಹೊಳೆಯುತ್ತಿದೆಯೇ, ಡ್ರೈವರ್ ಸೀಟಿನ ಬಾಗಿಲ ಬದಿಯ ಅಂಚು ಕುಸಿದಿದೆಯೇ ಎಂದು ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಬುಡದ ಚೀಟಿಯಲ್ಲಿ ತಯಾರಾದ ತಾರೀಖು ಇರುತ್ತದೆ. ಎಳೆಯುವಾಗಲೇ ಕೆಸರಿನ ಗೆರೆ ಕಂಡರೆ ಮಾತು ನಿಲ್ಲಿಸಿ ಎದ್ದು ಬನ್ನಿ, ಅದು ನೀರಿನಲ್ಲಿ ಮುಳುಗಿದ ಗಾಡಿ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಬೇಸ್‌ಮೆಂಟುಗಳಲ್ಲಿ ಮುಳುಗಿದ ದುಬಾರಿ ಸೆಡಾನ್‌ಗಳ ಚಿತ್ರ ಎಲ್ಲರೂ ನೋಡಿದ್ದಾರೆ. ಇನ್ಶೂರೆನ್ಸ್ ಕಂಪನಿ ಪೂರ್ತಿ ಹಣ ಕೊಟ್ಟು ಕೈಬಿಟ್ಟ ಇಂಥ ಗಾಡಿಗಳು ಹರಾಜಿಗೆ ಹೋಗುತ್ತವೆ, ಒಣಗಿಸಿ ತೊಳೆದು ಮತ್ತೆ ರಸ್ತೆಗೆ ಬರುವುದನ್ನು ತಡೆಯುವವರಿಲ್ಲ. ಇವುಗಳ ಮೀಟರ್ ಯಾವಾಗಲೂ ಕಡಿಮೆಯೇ. ಮುಳುಗುವ ಹೊತ್ತಿಗೆ ಹೊಸದಾಗಿದ್ದವಲ್ಲ!

ದೆಹಲಿಯಿಂದ ಬರುವ ಗಾಡಿಗಳದ್ದು ಇನ್ನೊಂದು ಸಂತೆ. ಅಲ್ಲಿ ಡೀಸೆಲ್‌ಗೆ ಹತ್ತು, ಪೆಟ್ರೋಲ್‌ಗೆ ಹದಿನೈದು ವರ್ಷದ ಗಡಿ ಬಂದಮೇಲೆ ದೊಡ್ಡ ಸೆಡಾನ್‌ಗಳು ಮಣ್ಣಿನ ಬೆಲೆಗೆ ದಕ್ಷಿಣಕ್ಕೆ ಇಳಿಯತೊಡಗಿದವು. ಗಾಡಿ ಕೆಟ್ಟದ್ದೆಂದಲ್ಲ, ಇಲ್ಲಿ ಕಟ್ಟಬೇಕಾದ ಆಜೀವ ತೆರಿಗೆ, ಎನ್‌ಒಸಿ, ಮರು ನೋಂದಣಿಯ ಓಡಾಟ ಸೇರಿಸಿದ ಮೇಲೆ ಅಗ್ಗ ಎಷ್ಟು ಉಳಿಯಿತೆಂದು ನೋಡಿಕೊಳ್ಳಬೇಕು.

ಪೆಟ್ರೋಲಿನ ವಿಷಯವೂ ಇದೆ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲ ಬಂಕುಗಳಲ್ಲೂ ಇರುವುದರಿಂದ, 2023ಕ್ಕಿಂತ ಹಿಂದಿನ ಗಾಡಿಗಳ ಇಂಧನದ ಹೋಸು, ಸೀಲುಗಳ ಮೇಲೆ ಕಣ್ಣಿಡಬೇಕು. ಎಥೆನಾಲ್ ನೀರು ಹೀರಿಕೊಳ್ಳುವ ಗುಣದ್ದು. ಆರು ತಿಂಗಳು ಅರ್ಧ ಟ್ಯಾಂಕಿನೊಂದಿಗೆ ನಿಂತ ಕಾರಿಗೂ ವಾರಕ್ಕೊಮ್ಮೆ ಟ್ಯಾಂಕು ಖಾಲಿಯಾಗಿ ತುಂಬುವ ಕಾರಿಗೂ ಇದರಿಂದ ಆಗುವ ತೊಂದರೆ ಒಂದೇ ಅಲ್ಲ. ಇಲ್ಲೂ ಮೀಟರ್ ಕಡಿಮೆ ಇರುವವನೇ ನಷ್ಟದಲ್ಲಿ.

ಇಷ್ಟೆಲ್ಲ ಕೇಳಿದವರು ‘ಹಾಗಾದರೆ ಹಳೇ ಸೆಡಾನ್ ಸಹವಾಸವೇ ಬೇಡ’ ಎಂದಾರು. ಅದನ್ನೂ ನಾನು ಒಪ್ಪುವುದಿಲ್ಲ. ಹೊಸ ಸೆಡಾನ್ ಒಂದು ಬೆಂಗಳೂರಿನ ರಸ್ತೆಗೆ ಇಳಿಯುವಾಗ 15 ಲಕ್ಷ ಎಂದಿಟ್ಟುಕೊಳ್ಳೋಣ. ಐದು ವರ್ಷ ಬಿಟ್ಟು ಎಂಟಕ್ಕೆ ಹೋದರೆ ವರ್ಷಕ್ಕೆ 1.4 ಲಕ್ಷ ಕರಗಿತು. ಆ ನಷ್ಟಕ್ಕೆ ಯಾರೂ ಬಿಲ್ಲು ಕೊಡುವುದಿಲ್ಲವಾದ್ದರಿಂದ ಉರಿ ಹತ್ತುವುದಿಲ್ಲ. ಹಳೆಯ ಗಾಡಿಯನ್ನು ನಾಲ್ಕೂವರೆ ಲಕ್ಷಕ್ಕೆ ಕೊಂಡು ಐದು ವರ್ಷ ಓಡಿಸಿ ಎರಡು ಲಕ್ಷಕ್ಕೆ ಮಾರಿದರೆ ವರ್ಷಕ್ಕೆ ಅರ್ಧ ಲಕ್ಷ ಹೋಯಿತು. ಇನ್ನು ವರ್ಷಕ್ಕೆ ಅರ್ಧ ಲಕ್ಷದ ರಿಪೇರಿ ಬಂದರೂ ಹೊಸದಕ್ಕಿಂತ ನಲವತ್ತು ಸಾವಿರ ಮಿಕ್ಕಿತು. ಗ್ಯಾರೇಜಿನ ಬಿಲ್ಲು ಕೈಗೆ ಬಂದು ಕುಟುಕುತ್ತದೆ, ಸವಕಳಿ ಸದ್ದಿಲ್ಲದೆ ತಿನ್ನುತ್ತದೆ. ನಮ್ಮ ಜನ ಕುಟುಕಿದ್ದನ್ನೇ ದೊಡ್ಡ ಖರ್ಚೆಂದು ನಂಬಿದ್ದಾರೆ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ ಈಗ 5,000 ರೂಪಾಯಿ, ಇಪ್ಪತ್ತು ದಾಟಿದರೆ 10,000. ಹತ್ತು ವರ್ಷದ ಗಾಡಿ ಕೊಳ್ಳುವವರು ಇದನ್ನೂ ಸೇರಿಸಿಕೊಳ್ಳಲಿ.

ಸೆಡಾನ್‌ಗೆ ಈಗ ಇನ್ನೊಂದು ಅನುಕೂಲ ಒದಗಿದೆ. ಎಲ್ಲರಿಗೂ ಎತ್ತರದ ಎಸ್‌ಯುವಿ ಬೇಕು. ಸಿಯಾಜ್ ಥರದ ಒಳ್ಳೆಯ ಗಾಡಿಯ ತಯಾರಿಕೆಯೇ 2025ರಲ್ಲಿ ನಿಂತಿತು. ಹಾಗಾಗಿ ಸಿಟಿ, ವರ್ನಾ, ಸಿಯಾಜ್‌ಗಳ ಮರುಮಾರಾಟದ ಬೆಲೆ, ಅದೇ ವಯಸ್ಸಿನ ಸಣ್ಣ ಎಸ್‌ಯುವಿಗಿಂತ ಕೆಳಗೆ ಕೂತಿದೆ. ಅದರಲ್ಲೂ ಲಕ್ಷ ದಾಟಿದವಕ್ಕೆ ಇನ್ನಷ್ಟು ಕಡಿತ. ಮಾರುಕಟ್ಟೆಯ ಈ ತಪ್ಪು ಲೆಕ್ಕ ಕೊಳ್ಳುವವರ ಪಾಲಿಗೆ ರಿಯಾಯಿತಿ. ಬಿಲ್ಲುಗಳ ದಪ್ಪ ಫೈಲಿರುವ, 1,10,000 ಓಡಿದ ಪೆಟ್ರೋಲ್ ಮ್ಯಾನ್ಯುಯಲ್ ಸೆಡಾನ್ ಸಿಕ್ಕರೆ ಲಿಫ್ಟ್ ಮೇಲೆ ಏರಿಸಿ, ಬುಷ್ಷು ನೋಡಿಸಿ, ಷಾಸಿ ನಂಬರ್ ವಿಚಾರಿಸಿ, ಬೆಲೆ ಮಾತಾಡಿ. ಡಾಕ್ಟರ್ ಗಾಡಿಗಿಂತ ಒಂದು ಲಕ್ಷ ಕಡಿಮೆಗೆ ಬರುತ್ತದೆ. ಆ ಲಕ್ಷದಲ್ಲಿ ಕ್ಲಚ್, ನಾಲ್ಕು ಶಾಕ್, ಎಸಿ ಕಂಪ್ರೆಸರ್ ಮೂರೂ ಒಟ್ಟಿಗೆ ಹೋದರೂ ಮೂವತ್ತು-ನಲವತ್ತು ಸಾವಿರ ಉಳಿಯುತ್ತದೆ. ಅದರಲ್ಲಿ ಟೈರ್ ಹಾಕಿಸಿ.